ತೆರಿಗೆ ಹಣದಲ್ಲಿ ನಿಮ್ಮ ಬೀದಿಗೆ ಫುಟ್‌ಪಾತ್: ಮಂಗಳೂರು, ಉಡುಪಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಜುಲೈ ಮಳೆಯಲ್ಲಿ ಯಾರೋ ಚರಂಡಿಗೆ ಬೀಳುತ್ತಾರೆ. ಬೀದಿಯವರೆಲ್ಲ ಸಹಿ ಹಾಕಿ, ನಾಲ್ಕು ಫೋಟೊ ಅಂಟಿಸಿ, ಪಾಲಿಕೆಗೆ ಹೋಗಿ ಮನವಿ ಕೊಟ್ಟು ಬರುತ್ತಾರೆ. ವರ್ಷ ಕಳೆದರೂ ಬೀದಿ ಇದ್ದ ಹಾಗೆಯೇ ಇರುತ್ತದೆ. ಮುಂದಿನ ಜುಲೈಯಲ್ಲಿ ಮತ್ತೆ ಅದೇ ಮನವಿ, ಅದೇ ಸಹಿಗಳು. ಇಂಥ ಮನವಿಗಳ ನಕಲು ಹಿಡಿದು ನನ್ನ ಬಳಿ ಬಂದವರಲ್ಲಿ ಹೆಚ್ಚಿನವರು ಮಾಡಿದ್ದು ಮೂರೇ ತಪ್ಪು. ರಸ್ತೆ ಯಾರದ್ದೆಂದು ವಿಚಾರಿಸಿರಲಿಲ್ಲ, ಅಳತೆ ಬರೆದಿರಲಿಲ್ಲ, ಬಜೆಟ್ ಆದ ಮೇಲೆ ಹೋಗಿದ್ದರು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ದೂರು ಬೇರೆ, ಬೇಡಿಕೆ ಬೇರೆ. ಒಡೆದ ಚಪ್ಪಡಿ ಬದಲಿಸಿ ಎನ್ನುವುದು ದೂರು. ನಿರ್ವಹಣೆಯ ಹಣದಲ್ಲಿ ಆಗಿಹೋಗುವ ಕೆಲಸ. ಇನ್ನೂರು ಮೀಟರ್ ಫುಟ್‌ಪಾತ್ ಬೇಕು ಎನ್ನುವುದು ಬೇಡಿಕೆ. ಅದಕ್ಕೆ ಅಂದಾಜು ಪಟ್ಟಿ (ಕೆಲಸದ ವೆಚ್ಚದ ಲೆಕ್ಕ), ಕ್ರಿಯಾ ಯೋಜನೆ (ಯಾವ ರಸ್ತೆಗೆ ಎಷ್ಟು ಹಣ ಎಂಬ ಪಟ್ಟಿ), ಮಂಜೂರಾತಿ, ಟೆಂಡರ್ ಎಲ್ಲವೂ ಆಗಬೇಕು. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಚಪ್ಪಡಿ ಬದಲಾಗುತ್ತದೆ, ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಷರಾ ಬೀಳುತ್ತದೆ, ಕಡತ ಮುಚ್ಚುತ್ತದೆ. ದೂರನ್ನು ಇವತ್ತೇ ಪ್ರತ್ಯೇಕವಾಗಿ ಕೊಟ್ಟುಬಿಡಿ. ಮುಂದಿನದೆಲ್ಲ ಬೇಡಿಕೆಯ ಬಗ್ಗೆ.

ಕೈಯಲ್ಲಿ ಇರಬೇಕಾದವು

ಮೂವತ್ತು ಮೀಟರಿನ ಟೇಪ್, ಒಂದು ಸಣ್ಣ ಟೇಪ್, ಸುಣ್ಣದ ಕಡ್ಡಿ, ಸ್ಥಳದ ಗುರುತು ಬರುವಂತೆ ಫೋಟೊ ತೆಗೆಯುವ ಮೊಬೈಲ್, ಗೆರೆ ಇಲ್ಲದ ಪುಸ್ತಕ, ನಿಮ್ಮ ಆಸ್ತಿ ತೆರಿಗೆಯ ಈ ವರ್ಷದ ರಸೀದಿ, ಒಂದು ಫೈಲು. ಜೊತೆಗೆ ಇಬ್ಬರು ಜನ: ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು, ಕೆಲಸದ ದಿನಗಳಲ್ಲಿ ಕಚೇರಿಗೆ ಹೋಗಿಬರಲು ಬಿಡುವಿರುವವರು ಒಬ್ಬರು. ಇಪ್ಪತ್ತು ಜನರ ಗುಂಪಿಗಿಂತ ಬಿಡದೆ ಹೋಗಿಬರುವ ಒಬ್ಬ ನಿವೃತ್ತ ಮೇಷ್ಟ್ರು ಹೆಚ್ಚು ಕೆಲಸ ಮಾಡಿಸುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಹಂತ 1: ರಸ್ತೆ ಯಾರದ್ದೆಂದು ಖಚಿತಪಡಿಸಿಕೊಳ್ಳಿ

ನೀವು ಕಟ್ಟುವ ಆಸ್ತಿ ತೆರಿಗೆ ಮಹಾನಗರ ಪಾಲಿಕೆಯ ಅಥವಾ ನಗರಸಭೆಯ ರಸ್ತೆಗೆ ಖರ್ಚಾಗಬೇಕಾದ ಹಣ. ಬೇರೆ ಇಲಾಖೆಯ ರಸ್ತೆಗೆ ಅದನ್ನು ಕೇಳಿದರೆ ಕಡತ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ನನ್ನ ಮೊದಲ ಮನವಿ ತಪ್ಪು ಕಚೇರಿಯೊಂದರಲ್ಲಿ ಹದಿನಾಲ್ಕು ತಿಂಗಳು ಬಿದ್ದಿತ್ತು. ಕೊನೆಗೆ ಬಂದದ್ದು ಎರಡೇ ಸಾಲಿನ ಹಿಂಬರಹ: ಈ ರಸ್ತೆ ನಮ್ಮ ವ್ಯಾಪ್ತಿಯದಲ್ಲ.

ಮಂಗಳೂರಿನಲ್ಲಿ ಪಂಪ್‌ವೆಲ್, ನಂತೂರು, ಕೊಟ್ಟಾರ ಚೌಕಿ, ಕೂಳೂರು, ಸುರತ್ಕಲ್ ಮೂಲಕ ಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಕುಲಶೇಖರದಿಂದ ಮೂಡುಬಿದಿರೆ ಕಡೆಗೆ ಹೋಗುವುದು 169. ಉಡುಪಿಯಲ್ಲಿ ಮಲ್ಪೆಯಿಂದ ಮಣಿಪಾಲ ದಾಟಿ ಆಗುಂಬೆ ಕಡೆಗೆ ಹೋಗುವುದು 169ಎ. ಇವುಗಳ ಅಂಚಿನ ಫುಟ್‌ಪಾತ್‌ಗೆ ಹೆದ್ದಾರಿ ಇಲಾಖೆಯನ್ನು ಕೇಳಬೇಕು. ಊರೊಳಗಿನ ಕೆಲವು ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಮಂಗಳೂರು ಸ್ಮಾರ್ಟ್ ಸಿಟಿಯಡಿ ಆದ ರಸ್ತೆಗಳದ್ದು ಇನ್ನೊಂದು ಕಥೆ. ಆ ಯೋಜನೆಯ ಅವಧಿ 2025ರ ಮಾರ್ಚ್‌ಗೆ ಮುಗಿದಿದೆ. ಅಲ್ಲಿನ ಕಲ್ಲು ಕಿತ್ತುಹೋಗಿದ್ದರೆ, ರಸ್ತೆ ಪಾಲಿಕೆಗೆ ಹಸ್ತಾಂತರವಾಗಿದೆಯೇ ಎಂದು ಮೊದಲು ಬರಹದಲ್ಲಿ ಕೇಳಿ.

ಖಚಿತಪಡಿಸಿಕೊಳ್ಳುವ ದಾರಿ ಸುಲಭ. ವಾರ್ಡಿನ ಕಿರಿಯ ಎಂಜಿನಿಯರರನ್ನು ಕಂಡು, ರಸ್ತೆಯ ಹೆಸರು ಹೇಳಿ, ಅದು ಪಾಲಿಕೆಯ ರಸ್ತೆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ಇದೆ ಎಂದರೆ ಪಟ್ಟಿಯಲ್ಲಿ ಬರೆದಿರುವ ಹೆಸರನ್ನು ಅಕ್ಷರಶಃ ಬರೆದುಕೊಳ್ಳಿ. ಬಾಯಿಮಾತಿನಲ್ಲಿ ‘ದೇವಸ್ಥಾನದ ಹಿಂದಿನ ರಸ್ತೆ’ ಎಂದು ಕರೆಯುವುದಕ್ಕೆ ಕಡತದಲ್ಲಿ ಬೇರೆಯೇ ಹೆಸರಿರುತ್ತದೆ. ಹೆಸರು ತಪ್ಪಿದರೆ ಮಂಜೂರಾದ ಹಣ ಬೇರೆ ಬೀದಿಗೆ ಹೋಗುವುದೂ ಉಂಟು.

ಹಂತ 2: ರಸೀದಿ ಓದಿ, ಹಣ ಎಲ್ಲಿದೆಯೆಂದು ತಿಳಿಯಿರಿ

‘ಇಷ್ಟು ತೆರಿಗೆ ಕಟ್ಟುತ್ತೇವೆ, ಫುಟ್‌ಪಾತ್ ಇಲ್ಲವೇ?’ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ರಸೀದಿಯ ಒಟ್ಟು ಮೊತ್ತವನ್ನು ಹಿಡಿದು ವಾದಿಸಿದರೆ ಲೆಕ್ಕ ವಿಭಾಗದವರು ಒಂದೇ ನಿಮಿಷದಲ್ಲಿ ನಿಮ್ಮ ಬಾಯಿ ಕಟ್ಟುತ್ತಾರೆ. ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3 ಸೇರಿರುತ್ತವೆ. ಮೂಲ ತೆರಿಗೆ 5,000 ರೂಪಾಯಿ ಇದ್ದರೆ ಈ ಮೂರೇ 1,200 ರೂಪಾಯಿ. ಇವು ಆಯಾ ಉದ್ದೇಶಕ್ಕೆ ಹೋಗುವ ಹಣ, ರಸ್ತೆಗೆ ಬರುವುದಿಲ್ಲ. ಘನತ್ಯಾಜ್ಯದ ಶುಲ್ಕ ಕಸ ವಿಲೇವಾರಿಗೆ. ನಗರ ಸಾರಿಗೆ ಉಪಕರ ಎಂಬ ಸಾಲು ಕಂಡರೆ ಅದಕ್ಕೆ ಗುರುತು ಹಾಕಿ; ನಡೆಯುವವರು, ಸೈಕಲ್ ಹೊಡೆಯುವವರು ಕೇಳಲು ಹಕ್ಕಿರುವ ಹಣ ಅದು. ಉಳಿದ ಮೂಲ ತೆರಿಗೆ ಪಾಲಿಕೆಯ ಸಾಮಾನ್ಯ ನಿಧಿಗೆ ಸೇರುತ್ತದೆ. ಫುಟ್‌ಪಾತ್‌ನ ಹಣವನ್ನು ಮುಖ್ಯವಾಗಿ ಕೇಳಬೇಕಾದದ್ದು ಅಲ್ಲಿಂದಲೇ.

ಇದರ ಹೊರತಾಗಿ ರಾಜ್ಯ ಹಣಕಾಸು ಆಯೋಗದ ಅನುದಾನವಿದೆ. ಕೇಂದ್ರದ್ದೂ ಇದೆ, 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ. 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, ಶೇ. 40 ಮಾತ್ರ ಬೇರೆ ಸ್ಥಳೀಯ ಅಗತ್ಯಗಳಿಗೆ ಮುಕ್ತವಾಗಿತ್ತು. ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ತೆಗೆದಿಡುತ್ತವೆ. ನಿಮ್ಮ ಬೀದಿಯಲ್ಲಿ ಪರಿಶಿಷ್ಟರ ಕಾಲೊನಿಯೋ ಅಂಗವಿಕಲರ ಶಾಲೆಯೋ ಇದ್ದರೆ ಪತ್ರದಲ್ಲಿ ಅದನ್ನು ಬರೆಯಲೇಬೇಕು. ಸಾಮಾನ್ಯ ನಿಧಿ ಬರಿದಾದ ಮೇಲೂ ಈ ಮೀಸಲು ಹಣ ಖರ್ಚಾಗದೆ ಉಳಿದಿರುವುದುಂಟು.

ನಿಮ್ಮದೇ ತೆರಿಗೆ ಬಾಕಿ ಇದ್ದರೆ ಮೊದಲು ಕಟ್ಟಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿಯೂ ಸಿಗುತ್ತದೆ. ಬೀದಿಯ ಎಲ್ಲ ಮನೆ, ಅಂಗಡಿಗಳ ಪಾವತಿ ರಸೀದಿಯ ನಕಲನ್ನು ಮನವಿಯ ಜೊತೆ ಲಗತ್ತಿಸಿದ ಗುಂಪನ್ನು ಯಾರೂ ಹಗುರವಾಗಿ ಕಾಣುವುದಿಲ್ಲ.

ಹಂತ 3: ಮಳೆಗಾಲದಲ್ಲೇ ಅಳೆಯಿರಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ನನ್ನ ಪ್ರಕಾರ ಇಡೀ ಕೆಲಸದ ಅರ್ಧ ಭಾರ ಇಲ್ಲಿದೆ.

ಬೇಸಿಗೆಯಲ್ಲಿ ಅಳೆದರೆ ನೆಲ ಕಾಣುತ್ತದೆ, ನೀರು ಕಾಣುವುದಿಲ್ಲ. ಜೂನ್, ಜುಲೈಯಲ್ಲಿ ಮಳೆ ನಿಂತ ಹತ್ತು ನಿಮಿಷದೊಳಗೆ ಬೀದಿಗೆ ಇಳಿಯಿರಿ. ನೀರು ಎಲ್ಲಿ ನಿಂತಿದೆ, ಚರಂಡಿ ಎಲ್ಲಿ ಉಕ್ಕಿದೆ, ಜನ ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾರೆ ಎಂಬುದಕ್ಕೆ ಸುಣ್ಣದ ಗುರುತು ನಿಲ್ಲದಿದ್ದರೂ ಫೋಟೊ ನಿಲ್ಲುತ್ತದೆ. ನಮ್ಮ ಊರುಗಳಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ಚರಂಡಿ ಸರಿಯಿಲ್ಲದೆ ಮೇಲಿನ ಕಲ್ಲು ಮಾತ್ರ ಹೊಸದು ಕೇಳಿದರೆ ಎರಡನೇ ಮಳೆಗಾಲಕ್ಕೆ ಎಲ್ಲವೂ ಮೊದಲಿನಂತೆ ಆಗುತ್ತದೆ.

ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರಿದ್ದಾರೆ. ಬೆಳಗ್ಗೆ ಹಾಲಿಗೆ ಹೋಗುವಾಗ ಎಡಗೈ ಕಾಂಪೌಂಡ್ ಗೋಡೆಯ ಮೇಲಿರುತ್ತದೆ, ಬಲಗೈಯಲ್ಲಿ ಮಡಚಿದ ಕೊಡೆ. ಪ್ರತಿ ಚಪ್ಪಡಿಗೂ ಕೊಡೆಯ ತುದಿಯಿಂದ ಒಮ್ಮೆ ಕುಟ್ಟಿ, ಸದ್ದು ಕೇಳಿ, ಆಮೇಲೆ ಕಾಲಿಡುತ್ತಾರೆ. ‘ಟಕ್’ ಎಂದರೆ ಗಟ್ಟಿ, ‘ಡಬ್’ ಎಂದರೆ ಕೆಳಗೆ ಆಧಾರವಿಲ್ಲ. ಅವರ ಹಿಂದೆ ಪುಸ್ತಕ ಹಿಡಿದು ನಡೆದ ದಿನವೇ ನಮ್ಮ ಪಟ್ಟಿ ಸರಿಯಾದದ್ದು. ನೀವೂ ಬೀದಿಯ ಹಿರಿಯರೊಬ್ಬರ ಜೊತೆ, ಅವರ ವೇಗದಲ್ಲೇ ನಡೆದು ಬರೆಯಿರಿ.

ಬರೆಯಬೇಕಾದವು: ಒಟ್ಟು ಉದ್ದ, ಪ್ರತಿ ಹತ್ತು ಮೀಟರಿಗೊಮ್ಮೆ ನಡೆಯಲು ಸಿಗುವ ಅಗಲ, ರಸ್ತೆಯಿಂದ ಫುಟ್‌ಪಾತ್‌ನ ಎತ್ತರ, ಅಡ್ಡಿಗಳು. ಅಗಲವನ್ನು ಕಲ್ಲಿನ ಅಂಚಿನಿಂದ ಅಂಚಿಗೆ ಅಳೆಯಬೇಡಿ. ಮೆಸ್ಕಾಂ ಪರಿವರ್ತಕದ ಬೇಲಿ, ಕಂಬ, ಗೂಡಂಗಡಿ, ಮರದ ಬುಡ ಬಿಟ್ಟು ಉಳಿಯುವ ಜಾಗವನ್ನು ಅಳೆಯಿರಿ. ಕಾಗದದಲ್ಲಿ ಎರಡು ಮೀಟರಿನ ಫುಟ್‌ಪಾತ್ ಕಂಬದ ಬಳಿ ಎಪ್ಪತ್ತು ಸೆಂಟಿಮೀಟರಿಗೆ ಇಳಿದಿರುತ್ತದೆ.

ಹೋಲಿಕೆಗೆ ಒಂದು ಮಾನದಂಡ ಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಕನಿಷ್ಠ 1.8 ಮೀಟರ್ ಅಗಲ ಮತ್ತು 2.2 ಮೀಟರ್ ಎತ್ತರದ ತಡೆಯಿಲ್ಲದ ಜಾಗ ಕೇಳುತ್ತದೆ. ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮಲ್ಲಿ ಮೊಣಕಾಲೆತ್ತರದ ಫುಟ್‌ಪಾತ್‌ಗಳಿವೆ. ಮಂಡಿನೋವು ಇರುವವರು ಹತ್ತಲಾರದ್ದರಿಂದ ಅವು ಬೈಕ್ ನಿಲ್ಲಿಸುವ ಜಾಗವಾಗಿವೆ. ಪ್ರತಿ ಗೇಟಿನ ಬಳಿ ಏರಿಳಿತ ಎಷ್ಟೆಂದೂ ಬರೆಯಿರಿ.

ಸೈಕಲ್ ವಿಚಾರಕ್ಕೆ ಒಂದು ಮಾತು. ಇಳಿಜಾರು, ಇಕ್ಕಟ್ಟಿನ ನಮ್ಮ ಒಳಬೀದಿಗಳಲ್ಲಿ ಪ್ರತ್ಯೇಕ ಪಥ ಕೇಳಿದರೆ ‘ಜಾಗವಿಲ್ಲ’ ಎಂಬ ಒಂದೇ ಮಾತಿನಲ್ಲಿ ಇಡೀ ಬೇಡಿಕೆ ಬಿದ್ದುಹೋಗುತ್ತದೆ. ಬದಲಿಗೆ ಸಣ್ಣದನ್ನು, ಆಗುವಂಥದ್ದನ್ನು ಕೇಳಿ. ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯ ದಿಕ್ಕಿಗೆ ಉದ್ದುದ್ದಕ್ಕೆ ಇದ್ದರೆ ಸೈಕಲ್ಲಿನ ಚಕ್ರ ಒಳಗೆ ಇಳಿಯುತ್ತದೆ. ಅವನ್ನು ಅಡ್ಡಕ್ಕೆ ತಿರುಗಿಸಬೇಕು. ಶಾಲೆಗೆ ಹೋಗುವ ಮಗುವಿನ ಹಲ್ಲು ಮುರಿಯುವುದು ಇಂಥ ಕಡೆಯೇ. ಕಾಂಕ್ರೀಟ್ ರಸ್ತೆಯ ಅಂಚು ಮಣ್ಣಿಗಿಂತ ಎಷ್ಟು ಮೇಲಿದೆ ಎಂಬುದನ್ನೂ ಅಳೆಯಿರಿ.

ಹಂತ 4: ಬೇಡಿಕೆ ಪತ್ರ

ಒಂದು ಪುಟ ಸಾಕು. ಮಂಗಳೂರಿನಲ್ಲಿ ಆಯುಕ್ತರಿಗೆ, ಉಡುಪಿಯಲ್ಲಿ ಪೌರಾಯುಕ್ತರಿಗೆ ಬರೆಯಿರಿ. ಕಾರ್ಯಪಾಲಕ ಎಂಜಿನಿಯರರಿಗೆ ಅಥವಾ ನಗರಸಭೆಯ ಎಂಜಿನಿಯರರಿಗೆ ಪ್ರತಿ ಇರಲಿ. ಮಾದರಿ ಹೀಗಿರಬಹುದು:

‘ವಿಷಯ: ವಾರ್ಡ್ ಸಂಖ್ಯೆ … , … ರಸ್ತೆಯ … ಮನೆಯಿಂದ … ವೃತ್ತದವರೆಗೆ 210 ಮೀಟರ್ ಉದ್ದಕ್ಕೆ ಚರಂಡಿ ದುರಸ್ತಿ ಸಹಿತ ಫುಟ್‌ಪಾತ್ ನಿರ್ಮಾಣಕ್ಕೆ ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಾಲಿನ ಆಯವ್ಯಯದಲ್ಲಿ ಸೇರಿಸುವ ಬಗ್ಗೆ. ಸದರಿ ರಸ್ತೆಯಲ್ಲಿ ನಡೆಯಲು ಸಿಗುವ ಅಗಲ 0.7ರಿಂದ 1.2 ಮೀಟರ್ ಮಾತ್ರ. ಆರು ಕಡೆ ಚಪ್ಪಡಿ ಇಲ್ಲ. ಅಳತೆ ಪಟ್ಟಿ, ನಕ್ಷೆ, ಫೋಟೊಗಳನ್ನು ಲಗತ್ತಿಸಿದೆ. ಸ್ಥಳ ಪರಿಶೀಲನೆಯ ದಿನಾಂಕ ತಿಳಿಸಿದರೆ ನಾವು ಹಾಜರಿರುತ್ತೇವೆ.’

‘ಅಂದಾಜು ಪಟ್ಟಿ ತಯಾರಿಸಿ’ ಎಂಬ ಪದಗಳನ್ನು ಬಿಡಬೇಡಿ. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಬರೆದರೆ ಸೂಕ್ತ ಯಾವುದೆಂದು ಅವರೇ ತೀರ್ಮಾನಿಸುತ್ತಾರೆ. ಒಂದು ಪತ್ರಕ್ಕೆ ಒಂದೇ ಬೇಡಿಕೆ. ಬೀದಿದೀಪ, ನಾಯಿ ಕಾಟ, ಕಸ ಇವೆಲ್ಲ ಬೇರೆ ಬೇರೆ ವಿಭಾಗ. ಸೇರಿಸಿದರೆ ಪತ್ರ ಮೊದಲು ಯಾವ ಮೇಜಿಗೆ ಹೋಗುತ್ತದೋ ಅಲ್ಲೇ ನಿಲ್ಲುತ್ತದೆ.

ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಅಧಿಕಾರಿಯ ಕೈಗೇ ಕೊಟ್ಟೆವೆಂದು ಸಂತೋಷಪಟ್ಟವರ ಪತ್ರಕ್ಕೆ ಸಂಖ್ಯೆಯೇ ಇರುವುದಿಲ್ಲ. ಸಂಖ್ಯೆ ಇಲ್ಲದ ಪತ್ರವನ್ನು ಆಮೇಲೆ ಹುಡುಕಲು ದಾರಿಯಿಲ್ಲ.

ಹಂತ 5: ವಾರ್ಡ್ ಸಮಿತಿಯ ನಿರ್ಣಯ

1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದಲ್ಲಿ ವಾರ್ಡ್ ಸಮಿತಿಗೆ ಅವಕಾಶವಿದೆ. ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದ ಪ್ರತಿನಿಧಿಗಳು. ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸಿ ಪಾಲಿಕೆಗೆ ಕಳುಹಿಸುವುದು ಇದರ ಕೆಲಸಗಳಲ್ಲಿ ಒಂದು. ನಿಮ್ಮ ವಾರ್ಡಿನಲ್ಲಿ ಸಮಿತಿ ಸಭೆ ಸೇರುತ್ತಿದ್ದರೆ ನಿಮ್ಮ ಬೇಡಿಕೆ ಅಲ್ಲಿ ನಿರ್ಣಯವಾಗಿ ನಡಾವಳಿ ಪುಸ್ತಕಕ್ಕೆ ಏರಬೇಕು. ಚರ್ಚೆಯಾಯಿತು ಎಂದರೆ ಸಾಲದು, ನಡಾವಳಿಯ ನಕಲು ಪಡೆಯಿರಿ.

ಮಂಗಳೂರಿನ 60 ವಾರ್ಡುಗಳ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಚುನಾಯಿತರು ಇಲ್ಲದ ಕಾಲದಲ್ಲಿ ಪರಿಷತ್ತಿನ ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ. ಪತ್ರದ ಒಂದು ಪ್ರತಿ ಅವರಿಗೂ ಹೋಗಲಿ. ಚುನಾವಣೆ ಆಗಲಿ ಎಂದು ಕಾದು ಕುಳಿತರೆ ಒಂದು ಬಜೆಟ್ ಕೈತಪ್ಪುತ್ತದೆ. ಉಡುಪಿ ನಗರಸಭೆ 1964ರ ಪುರಸಭೆಗಳ ಅಧಿನಿಯಮದಡಿ ನಡೆಯುತ್ತದೆ, 35 ವಾರ್ಡುಗಳಿವೆ.

ಹಂತ 6: ಕಾಲದ ಲೆಕ್ಕ ತಪ್ಪಬೇಡಿ

ಜೂನ್‌ನಿಂದ ಸೆಪ್ಟೆಂಬರ್ ಅಳತೆಗೆ. ಅಕ್ಟೋಬರ್ ಮೊದಲ ವಾರ ಪತ್ರ. ನವೆಂಬರ್ ಮುಗಿಯುವುದರೊಳಗೆ ಸ್ಥಳ ಪರಿಶೀಲನೆ ಆಗಿ ಅಂದಾಜು ಪಟ್ಟಿಯ ಮೊತ್ತ ನಿಮ್ಮ ಕಿವಿಗೆ ಬಿದ್ದಿರಬೇಕು. ಎಂಜಿನಿಯರ್ ಬಂದಾಗ ನಿಮ್ಮ ಅಳತೆ ಪಟ್ಟಿ ಅವರ ಕೈಗೆ ಕೊಡಿ, ಜಗಳ ಬೇಡ. ಹತ್ತಾರು ರಸ್ತೆ ನೋಡಬೇಕಾದ ಅವರಿಗೆ ಸಿದ್ಧವಾದ ಅಳತೆ ನಿಜವಾದ ಸಹಾಯ. ದರವನ್ನು ಮಾತ್ರ ನೀವು ಬರೆಯಬೇಡಿ, ಅದು ಇಲಾಖೆಯ ದರಪಟ್ಟಿಯ ಪ್ರಕಾರ ಆಗಬೇಕು.

ಬಜೆಟ್‌ಗೆ ಮುನ್ನ ಸಾರ್ವಜನಿಕರ ಸಲಹೆಗೆ ಪೂರ್ವಭಾವಿ ಸಭೆ ಕರೆಯುತ್ತಾರೆ. ಪತ್ರಿಕೆಯಲ್ಲಿ ಸಣ್ಣದಾಗಿ ಬರುವ ಈ ಪ್ರಕಟಣೆಗೆ ಡಿಸೆಂಬರ್‌ನಿಂದ ಕಣ್ಣಿಟ್ಟಿರಿ. ಸಭೆಯಲ್ಲಿ ಎರಡೇ ನಿಮಿಷ ಸಿಗುತ್ತದೆ. ಊರಿನ ಸ್ಥಿತಿಯ ಬಗ್ಗೆ ಭಾಷಣ ಮಾಡಬೇಡಿ. ರಸ್ತೆಯ ಹೆಸರು, ಉದ್ದ, ಪತ್ರದ ಸಂಖ್ಯೆ, ಅಂದಾಜು ಮೊತ್ತ ಹೇಳಿ, ಲಿಖಿತ ಪ್ರತಿ ಕೊಟ್ಟು ಕುಳಿತುಕೊಳ್ಳಿ.

ಬಜೆಟ್‌ನಲ್ಲಿ ‘ಫುಟ್‌ಪಾತ್ ಅಭಿವೃದ್ಧಿ’ ಎಂದು ದೊಡ್ಡ ಮೊತ್ತ ಘೋಷಣೆಯಾದರೆ ಪಟಾಕಿ ಹಚ್ಚಬೇಡಿ. ಅದು ಲೆಕ್ಕಶೀರ್ಷಿಕೆ ಅಷ್ಟೇ. ಯಾವ ರಸ್ತೆಗೆ ಎಷ್ಟು ಎಂಬುದು ತೀರ್ಮಾನವಾಗುವುದು ಕ್ರಿಯಾ ಯೋಜನೆಯಲ್ಲಿ. ಬಜೆಟ್ ದಿನದವರೆಗೆ ಓಡಾಡಿದವರು ಏಪ್ರಿಲ್‌ನಲ್ಲಿ ಸುಮ್ಮನಾಗುತ್ತಾರೆ. ಹೆಸರು ಬಿಟ್ಟುಹೋಗುವುದೂ ಆಗಲೇ. ಕ್ರಿಯಾ ಯೋಜನೆಯ ಪಟ್ಟಿಯಲ್ಲಿ ನಿಮ್ಮ ರಸ್ತೆಯ ಹೆಸರನ್ನು ಕಣ್ಣಿಂದ ಓದುವವರೆಗೆ ಬಿಡಬೇಡಿ.

ಹಂತ 7: ಟೆಂಡರ್‌ಗೆ ಮುನ್ನ ನೆಲದಡಿಯ ವಿಚಾರಣೆ

ಟೆಂಡರ್ ರಾಜ್ಯ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ನೋಡಬಹುದು. ಅಲ್ಲಿನ ಉದ್ದ, ಅಗಲ ನಿಮ್ಮ ಪಟ್ಟಿಗೆ ಹೊಂದುತ್ತದೆಯೇ ನೋಡಿ. ಒಂದೇ ರಸ್ತೆಯ ಕಾಮಗಾರಿಯನ್ನು ಸಣ್ಣ ಸಣ್ಣ ತುಂಡು ಮಾಡಿದ್ದರೆ ಎಚ್ಚರಾಗಿ, ಕಾರಣ ಕೇಳಿ.

ಅದಕ್ಕಿಂತ ಮುಖ್ಯವಾದದ್ದು ಅಗೆತ. ಜಲಸಿರಿ ಕುಡಿಯುವ ನೀರಿನ ಕೊಳವೆ, ಗ್ಯಾಸ್ ಪೈಪ್, ಒಳಚರಂಡಿ, ಕೇಬಲ್ ಇವುಗಳಲ್ಲಿ ಯಾವುದಾದರೂ ನಿಮ್ಮ ಬೀದಿಗೆ ಬರುವುದಿದೆಯೇ ಎಂದು ಬರಹದಲ್ಲಿ ಕೇಳಿ, ಬರುವುದಾದರೆ ಮೊದಲು ಅದು ಮುಗಿಯಲಿ ಎಂದು ಒತ್ತಾಯಿಸಿ. ಹೊಸ ಫುಟ್‌ಪಾತ್ ಹಾಕಿದ ಮೂರೇ ತಿಂಗಳಲ್ಲಿ ಕಿತ್ತದ್ದನ್ನು ನೋಡಿದಾಗ ಆದ ಸಂಕಟ ಇನ್ನೂ ಹೋಗಿಲ್ಲ. ಅದು ನಮ್ಮದೇ ಹಣ.

ಬೀದಿ ವ್ಯಾಪಾರಿಗಳಿದ್ದರೆ ಅವರನ್ನು ಮೊದಲೇ ಕೂರಿಸಿ ಮಾತನಾಡಿ. 2014ರ ಕಾನೂನು ಅವರಿಗೆ ರಕ್ಷಣೆ ಕೊಟ್ಟಿದೆ. ಎಬ್ಬಿಸಿ ಓಡಿಸುವ ಬೇಡಿಕೆ ಕಾನೂನಿನಲ್ಲಿ ನಿಲ್ಲುವುದಿಲ್ಲ, ಮನುಷ್ಯತ್ವದಲ್ಲೂ ನಿಲ್ಲುವುದಿಲ್ಲ. ಮಲ್ಲಿಗೆ ಮಾರುವ ಅಕ್ಕನಿಗೂ 1.8 ಮೀಟರ್ ಬಿಟ್ಟು ಜಾಗ ಗುರುತಿಸಲು ಸಾಧ್ಯ, ನಕ್ಷೆಯಲ್ಲೇ ತೋರಿಸಿ.

ಹಂತ 8: ಕೆಲಸ ನಡೆಯುವಾಗ

ಕಾರ್ಯಾದೇಶದ, ಅಂದರೆ ಕೆಲಸ ಶುರುಮಾಡಲು ಗುತ್ತಿಗೆದಾರರಿಗೆ ಕೊಟ್ಟ ಆದೇಶದ, ನಕಲು ಕೇಳಿ ಪಡೆಯಿರಿ. ಮಳೆಗೆ ಮುನ್ನ ಮುಗಿಸುವ ಅವಸರದಲ್ಲಿ ಮೇ ಕೊನೆಯಲ್ಲಿ ಕೆಲಸ ಶುರುವಾದರೆ ಅದು ಕೆಟ್ಟ ಲಕ್ಷಣ. ಹಸಿ ಕಾಂಕ್ರೀಟಿನ ಮೇಲೆ ನಮ್ಮ ಮಳೆ ಬಿದ್ದರೆ ಸಿಮೆಂಟ್ ತೊಳೆದು ಜಲ್ಲಿ ಮಾತ್ರ ಉಳಿಯುತ್ತದೆ.

ಇಂಟರ್‌ಲಾಕ್ ಕೂರಿಸುವ ಮೊದಲು ಕೆಳಗಿನ ಪದರದ ಫೋಟೊ ಇರಲಿ. ಮೇಲೆ ಕಲ್ಲು ಬಿದ್ದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಚರಂಡಿಯ ಹೂಳು ತೆಗೆಯದೆ ಚಪ್ಪಡಿ ಮುಚ್ಚುತ್ತಿದ್ದರೆ ಆಗಲೇ ಕಿರಿಯ ಎಂಜಿನಿಯರರಿಗೆ ಫೋನ್ ಮಾಡಿ. ಕೆಲಸದವರನ್ನು ಬೈಯಬೇಡಿ, ಅವರಿಗೆ ಕುಡಿಯಲು ನೀರು ಕೊಡಿ. ಹೇಳಬೇಕಾದದ್ದನ್ನು ಗುತ್ತಿಗೆದಾರರಿಗೂ ಎಂಜಿನಿಯರರಿಗೂ ಬರಹದಲ್ಲಿ ಹೇಳಿ. ಮುಗಿದ ದಿನ ಅದೇ ಟೇಪ್ ಹಿಡಿದು ಮತ್ತೆ ಅಳೆದು, ಎಂಜಿನಿಯರರ ಅಳತೆ ಪುಸ್ತಕದಲ್ಲಿ ದಾಖಲಾದದ್ದಕ್ಕೆ ಹೋಲಿಸಿ.

ಹಂತ 9: ಉತ್ತರವೇ ಬಾರದಿದ್ದರೆ

ಪತ್ರ ಕೊಟ್ಟು ಎರಡು ತಿಂಗಳಾದರೂ ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದಗಳ ಮಿತಿ. ‘ಏಕೆ ಮಾಡಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಹೀಗೆ ಕೇಳಿ: ಇಂಥ ಸಂಖ್ಯೆಯ ಪತ್ರದ ಮೇಲಿನ ಕಡತದ ಟಿಪ್ಪಣಿ ಹಾಳೆಗಳ ನಕಲು, ಸದರಿ ರಸ್ತೆಯ ಅಂದಾಜು ಪಟ್ಟಿಯ ನಕಲು, ವಾರ್ಡಿನ ಕ್ರಿಯಾ ಯೋಜನೆಯ ನಕಲು. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

‘ಅನುದಾನ ಲಭ್ಯತೆಯ ಮೇರೆಗೆ ಪರಿಗಣಿಸಲಾಗುವುದು’ ಎಂಬ ಹಿಂಬರಹ ಬಂದರೆ ಬೇಸರಪಟ್ಟು ಫೈಲು ಮೇಲೆ ಎತ್ತಿಡಬೇಡಿ. ಬೇಡಿಕೆಯನ್ನು ತಿರಸ್ಕರಿಸಿಲ್ಲ ಎಂಬುದಕ್ಕೆ ಬರಹ ಅದು. ಮುಂದಿನ ಅಕ್ಟೋಬರ್‌ನ ಪತ್ರದಲ್ಲಿ ಅದನ್ನೇ ಮೊದಲ ಉಲ್ಲೇಖವಾಗಿ ಹಾಕಿ.

ಹಂತ 10: ಮೊದಲ ಮಳೆ

ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂಬ ಷರತ್ತು ಇರುತ್ತದೆ. ಆ ಅವಧಿಯಲ್ಲಿ ಕುಸಿದದ್ದನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಅದು ಮುಗಿಯುವ ದಿನಾಂಕವನ್ನು ಕಾರ್ಯಾದೇಶ ನೋಡಿ ಬರೆದು, ಬೀದಿಯ ಮೂರು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ದೊಡ್ಡ ಮಳೆ ನಿಂತ ಕೂಡಲೇ ಹಳೆಯ ಪುಸ್ತಕ ಹಿಡಿದು, ಆ ಅಮ್ಮನ ಹಾಗೆ ಕೊಡೆಯ ತುದಿಯಿಂದ ಒಂದೊಂದು ಚಪ್ಪಡಿಯನ್ನೂ ಕುಟ್ಟುತ್ತಾ ನಡೆಯಿರಿ. ‘ಡಬ್’ ಎಂದ ಪ್ರತಿ ಕಲ್ಲಿಗೂ ಸಂಖ್ಯೆ ಕೊಟ್ಟು, ಫೋಟೊ ತೆಗೆದು, ಅದೇ ವಾರ ಟಪಾಲಿಗೆ ಹಾಕಿ. ಸ್ವೀಕೃತಿ ಸಂಖ್ಯೆ ಮರೆಯಬೇಡಿ.